ಎರಡು ನಿಂಬೆ, ಒಂದು ಇಡೀ ಕೋಳಿ

ಇಟಲಿ ಶೈಲಿಯ ಸುಲಭ ಲೆಮನ್ ಚಿಕನ್ ಎಂದು ಇವತ್ತು ಎಲ್ಲೆಲ್ಲೂ ಕಾಣುವ ಪಾಕವಿಧಾನಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು: ಮೂಳೆಯಿಲ್ಲದ ಎದೆಮಾಂಸ, ಬೆಣ್ಣೆ, ಧಾರಾಳ ಬೆಳ್ಳುಳ್ಳಿ, ಒಣಗಿದ ಒರೆಗಾನೊ, ಕೊನೆಗೆ ಒಂದು ಬಟ್ಟಲು ಕ್ರೀಮ್. ಅರ್ಧ ಗಂಟೆಯಲ್ಲಿ ಊಟ ಸಿದ್ಧವಾಗುತ್ತದೆ, ನಿಜ. ಆದರೆ ತಿಂದ ಮೇಲೆ ನಾಲಗೆಯ ಮೇಲೆ ಉಳಿಯುವುದು ಕ್ರೀಮಿನ ಜಿಡ್ಡು, ನಿಂಬೆ ಹೆಸರಿಗಷ್ಟೇ. ಇವುಗಳ ಪಕ್ಕದಲ್ಲಿ ಮಾರ್ಚೆಲ್ಲಾ ಹಜಾನ್ ಅವರ ನಿಂಬೆ ಕೋಳಿಯನ್ನು ಇಟ್ಟು ನೋಡಬೇಕು. ಅದಕ್ಕೆ ಬೇಕಾದದ್ದು ನಾಲ್ಕೇ: ಇಡೀ ಕೋಳಿ, ಎರಡು ಸಣ್ಣ ನಿಂಬೆ, ಉಪ್ಪು, ಕರಿಮೆಣಸು. ಎಣ್ಣೆಯಿಲ್ಲ, ಬೆಣ್ಣೆಯಿಲ್ಲ, ಒಂದೆಸಳು ಬೆಳ್ಳುಳ್ಳಿಯೂ ಇಲ್ಲ. ಮನೆಮಂದಿಗೆಲ್ಲ ಒಟ್ಟಿಗೆ ಬಡಿಸುವ ಊಟವಾಗಿ ಇಷ್ಟು ಯೋಚಿಸಿ ಬರೆದ ಕೋಳಿಯಡುಗೆಯನ್ನು ನಾನು ಬೇರೆಲ್ಲೂ ಓದಿಲ್ಲ.

ಹಜಾನ್ ಹುಟ್ಟಿದ್ದು 1924ರಲ್ಲಿ, ಇಟಲಿಯ ಏಡ್ರಿಯಾಟಿಕ್ ದಂಡೆಯ ಚೆಸೆನಾಟಿಕೊ ಎಂಬ ಊರಿನಲ್ಲಿ. ಫೆರಾರಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಓದಿದವರು. ಮದುವೆಯಾಗಿ 1955ರಲ್ಲಿ ನ್ಯೂಯಾರ್ಕಿಗೆ ಬರುವವರೆಗೆ ಅವರಿಗೆ ಅಡುಗೆಯ ರೂಢಿಯೇ ಇರಲಿಲ್ಲ. ಮೊದಲ ಪುಸ್ತಕ ‘ದಿ ಕ್ಲಾಸಿಕ್ ಇಟಾಲಿಯನ್ ಕುಕ್ ಬುಕ್’ ಬಂದದ್ದು 1973ರಲ್ಲಿ. ಅವರು ಇಟಾಲಿಯನ್ನಿನಲ್ಲಿ ಬರೆಯುತ್ತಿದ್ದರು, ಪತಿ ವಿಕ್ಟರ್ ಅದನ್ನು ಇಂಗ್ಲಿಷಿಗೆ ತರುತ್ತಿದ್ದರು. ನಿಂಬೆ ಕೋಳಿ 1978ರ ಎರಡನೆಯ ಪುಸ್ತಕದಲ್ಲಿ ಬಂತು. ಹಿಂದಿನೆರಡನ್ನೂ ಸೇರಿಸಿ ತಿದ್ದಿದ 1992ರ ‘ಎಸೆನ್ಷಿಯಲ್ಸ್ ಆಫ್ ಕ್ಲಾಸಿಕ್ ಇಟಾಲಿಯನ್ ಕುಕಿಂಗ್’ನಲ್ಲೂ ಉಳಿದುಕೊಂಡಿತು. ಪ್ರಯೋಗಶಾಲೆಯ ಶಿಸ್ತು ಕಂಡವರ ಕೈ ಇದು ಎಂದು ಓದುವಾಗಲೇ ತಿಳಿಯುತ್ತದೆ. ಮಾಡು ಎಂದಷ್ಟೇ ಹೇಳಿ ಬಿಡುವುದಿಲ್ಲ, ಏಕೆ ಎಂಬುದನ್ನೂ ಹೇಳುತ್ತಾರೆ.

ವಿಧಾನ ಹೀಗಿದೆ. ಒಂದೂವರೆ ಕಿಲೋ ಆಸುಪಾಸಿನ ಕೋಳಿಯ ಒಳಗೂ ಹೊರಗೂ ಉಪ್ಪು, ಕರಿಮೆಣಸಿನ ಪುಡಿ ತಿಕ್ಕಬೇಕು. ನಿಂಬೆಗಳನ್ನು ಅಂಗೈಯಡಿ ಒತ್ತಿ ಹೊರಳಿಸಿ ಮೆತ್ತಗೆ ಮಾಡಿ, ಒಂದೊಂದಕ್ಕೂ ಹಲ್ಲುಕಡ್ಡಿಯಿಂದ ಕನಿಷ್ಠ 20 ಕಡೆ ಚುಚ್ಚಿ, ಕತ್ತರಿಸದೆ ಕೋಳಿಯ ಹೊಟ್ಟೆಯೊಳಗೆ ಇಡಬೇಕು. ಬಾಯಿಯನ್ನು ಹಲ್ಲುಕಡ್ಡಿಗಳಿಂದ ಮುಚ್ಚಬೇಕು, ಆದರೆ ತೀರಾ ಬಿಗಿಯಾಗಿ ಅಲ್ಲ. ಗಾಳಿಯಾಡದಂತೆ ಮುಚ್ಚಿದರೆ ಒಡೆಯಬಹುದು. ಸುಮಾರು 175 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ಎದೆಭಾಗ ಕೆಳಗಾಗಿ 30 ನಿಮಿಷ, ಮಗುಚಿ ಮತ್ತೆ 30–35 ನಿಮಿಷ, ಕೊನೆಗೆ ಶಾಖವನ್ನು 200ಕ್ಕೆ ಏರಿಸಿ 20 ನಿಮಿಷ. ಅಷ್ಟೇ. ನಡುನಡುವೆ ರಸ ಮೊಗೆದು ಮೇಲೆ ಸುರಿಯುವ ಕೆಲಸವಿಲ್ಲ.

ಈ ಮಗುಚುವ ಹೆಜ್ಜೆಯಲ್ಲಿ ಇಡೀ ವಿಧಾನದ ಬುದ್ಧಿ ಅಡಗಿದೆ. ಕೋಳಿಯ ಎದೆ 70 ಡಿಗ್ರಿಯ ಹತ್ತಿರ ಬಂದರೆ ಒಣಗತೊಡಗುತ್ತದೆ. ತೊಡೆಯ ನಾರು ಕರಗಿ ಮೆದುವಾಗಲು ಅದಕ್ಕಿಂತ ಹೆಚ್ಚು ಶಾಖ ಬೇಕು. ಒಂದೇ ದೇಹದಲ್ಲಿ ಎರಡು ಹದ. ಮೊದಲ ಅರ್ಧ ಗಂಟೆ ಎದೆ ಕೆಳಗಿರುವುದರಿಂದ ನೇರ ಶಾಖ ತೊಡೆಗೂ ಬೆನ್ನಿಗೂ ಬೀಳುತ್ತದೆ, ಕರಗಿದ ಕೊಬ್ಬು ಇಳಿದು ಎದೆಯನ್ನು ನೆನೆಸುತ್ತದೆ. ಇತ್ತ ಹೊಟ್ಟೆಯೊಳಗಿನ ನಿಂಬೆ ಒಲೆಯ ಒಣ ಶಾಖಕ್ಕೆ ಸಿಗುವುದೇ ಇಲ್ಲ. ಅಲ್ಲಿರುವುದು ಹಬೆ ಮಾತ್ರ. ಆ ಹಬೆಯಲ್ಲಿ ರಸವೂ ಸಿಪ್ಪೆಯ ಎಣ್ಣೆಯೂ ರಂಧ್ರಗಳಿಂದ ನಿಧಾನವಾಗಿ ಒಸರುತ್ತವೆ. ಚಿತ್ರಾನ್ನಕ್ಕೆ ಬಾಣಲೆ ಇಳಿಸಿದ ಮೇಲೆಯೇ ನಿಂಬೆ ಹಿಂಡಬೇಕು, ಒಲೆಯ ಮೇಲೆ ಹಿಂಡಿದರೆ ಕಹಿಯಾಗುತ್ತದೆ ಎಂದು ಕಲಿತ ನಮಗೆ ನಿಂಬೆಯನ್ನು ಒಂದೂವರೆ ಗಂಟೆ ಬೇಯಿಸುವುದು ಅಪಚಾರದಂತೆ ಕಾಣಬಹುದು. ಕತ್ತರಿಸದೆ, ಹಿಂಡದೆ, ಹಬೆಯಲ್ಲಿ ಇಟ್ಟದ್ದರಿಂದಲೇ ಅದು ಇಲ್ಲಿ ದಕ್ಕುತ್ತದೆ.

ಹೊಗಳಿಕೆಯ ಜೊತೆಗೆ ಕೊರತೆಗಳನ್ನೂ ಹೇಳಬೇಕು. ನಿಂಬೆಯ ಪರಿಮಳ ಎದೆಮಾಂಸದ ದಪ್ಪದೊಳಗೆ ಇಳಿಯುವುದು ಕಡಿಮೆ. ಅದು ಇರುವುದು ತಟ್ಟೆಯಲ್ಲಿ ಸೇರಿದ ರಸದಲ್ಲಿ. ಆ ರಸವನ್ನು ಚೂರುಗಳ ಮೇಲೆ ಹಾಕಲು ಹಜಾನ್ ಹೇಳುತ್ತಾರೆ. ನನ್ನ ಮಟ್ಟಿಗೆ ಅದು ಇಲ್ಲದಿದ್ದರೆ ಅಡುಗೆಯೇ ಇಲ್ಲ, ಆ ಮಾತಿಗೆ ಪುಸ್ತಕದಲ್ಲಿ ಇನ್ನಷ್ಟು ಒತ್ತು ಬೇಕಿತ್ತು. ಕೋಳಿಯನ್ನು ಮೊದಲು ತಣ್ಣೀರಿನಲ್ಲಿ ಚೆನ್ನಾಗಿ ತೊಳೆಯಿರಿ ಎಂಬ ಸೂಚನೆ ಹಳೆಯದಾಯಿತು: ಹಸಿ ಕೋಳಿಯನ್ನು ತೊಳೆದರೆ ರೋಗಾಣು ಸಿಂಕಿನ ಸುತ್ತ ಸಿಡಿಯುತ್ತದೆ ಎಂದು ಅಮೆರಿಕ, ಬ್ರಿಟನ್ನಿನ ಆಹಾರ ಸುರಕ್ಷತಾ ಇಲಾಖೆಗಳು ಈಗ ಎಚ್ಚರಿಸುತ್ತವೆ. ಬೆಂದದ್ದನ್ನು ತೂಕದ ಲೆಕ್ಕದಲ್ಲಿ, ಕಿಲೋಗೆ ಸುಮಾರು 45ರಿಂದ 55 ನಿಮಿಷದಂತೆ ಅಂದಾಜಿಸುವುದೂ ಸಾಲದು. ಥರ್ಮಾಮೀಟರ್ ಚುಚ್ಚಿ ತೊಡೆಯ ದಪ್ಪಭಾಗ 74 ಡಿಗ್ರಿ ಮುಟ್ಟಿದೆಯೇ ಎಂದು ನೋಡುವುದೇ ಭದ್ರ.

ದೊಡ್ಡ ಕೊರತೆ ಉಪ್ಪಿನದು. ಒಲೆಗೆ ಇಡುವ ಮುಂಚೆ ಸವರಿದ ಉಪ್ಪು ಮೇಲ್ಮೈಯಲ್ಲೇ ನಿಲ್ಲುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದ ಜೂನಿ ಕೆಫೆಯ ಜೂಡಿ ರಾಜರ್ಸ್ ತಮ್ಮ 2002ರ ಪುಸ್ತಕದಲ್ಲಿ ಕೋಳಿಗೆ ಒಂದರಿಂದ ಮೂರು ದಿನ ಮೊದಲೇ ಉಪ್ಪು ಹಚ್ಚಿ ಫ್ರಿಜ್ಜಿನಲ್ಲಿಡುವ ಕ್ರಮ ಹೇಳಿದರು. ಉಪ್ಪು ಒಳಗಿಳಿಯುತ್ತದೆ, ಚರ್ಮ ಒಣಗಿ ಗರಿಗರಿಯಾಗುತ್ತದೆ. ಚರ್ಮದ ವಿಷಯದಲ್ಲಿ ರಾಜರ್ಸ್ ಗೆಲ್ಲುತ್ತಾರೆ, ಅನುಮಾನವಿಲ್ಲ. ಹಿಂದಿನ ರಾತ್ರಿಯೇ ಉಪ್ಪು ಹಚ್ಚಿಟ್ಟು, ಮಾರನೆಯ ದಿನ ಹಜಾನ್ ಹೇಳಿದಂತೆ ಬೇಯಿಸಿದರೆ ಇಬ್ಬರ ಒಳ್ಳೆಯದೂ ಸಿಗುತ್ತದೆ.

ಕರ್ನಾಟಕದ ಅಡುಗೆಮನೆಯಲ್ಲಿ ಇದನ್ನು ಮಾಡುವವರಿಗೆ ಎರಡು ಎಚ್ಚರಿಕೆ. ನಮ್ಮ ಕೋಳಿ ಅಂಗಡಿಗಳಲ್ಲಿ ಕೇಳದಿದ್ದರೆ ಚರ್ಮ ಸುಲಿದೇ ಕೊಡುತ್ತಾರೆ. ಈ ಅಡುಗೆ ನಿಂತಿರುವುದೇ ಚರ್ಮದ ಮೇಲೆ: ಎಣ್ಣೆಯ ಬದಲು ಇರುವುದು ಚರ್ಮದಡಿಯ ಕೊಬ್ಬು. ಸುಲಿದ ಕೋಳಿಯಲ್ಲಿ ಮಾಡಿದರೆ ಒಣಕಟ್ಟಿಗೆ. ‘ವಿತ್ ಸ್ಕಿನ್, ಕಟ್ ಮಾಡಬೇಡಿ’ ಎಂದು ಮೊದಲೇ ಹೇಳಿಡಿ. ಕೋಳಿ ಒಂದು ಕಿಲೋ ಇದ್ದರೆ ಸಮಯವನ್ನೂ ತಗ್ಗಿಸಿ. ಎರಡನೆಯದು ನಿಂಬೆ. ಇಟಲಿಯ ಸೊರೆಂಟೊ, ಅಮಾಲ್ಫಿ, ಸಿಸಿಲಿಯ ನಿಂಬೆಗೆ ದಪ್ಪ ಹಳದಿ ಸಿಪ್ಪೆ, ಸಿಪ್ಪೆಯಲ್ಲಿ ಬೇಕಾದಷ್ಟು ಸುಗಂಧದ ಎಣ್ಣೆ. ವಿಜಯಪುರದ ಇಂಡಿ ಸೀಮೆಯಿಂದ ನಮ್ಮ ಸಂತೆಗಳಿಗೆ ಬರುವುದು ಬೇರೆಯದೇ ಜಾತಿ: ತೆಳು ಸಿಪ್ಪೆ, ಹರಿತ ಹುಳಿ. ಉಪ್ಪಿನಕಾಯಿಗೆ, ಪಾನಕಕ್ಕೆ ಅದನ್ನು ಮೀರಿಸುವಂಥದ್ದಿಲ್ಲ. ಕೋಳಿಯ ಹೊಟ್ಟೆಯೊಳಗೆ ಮಾತ್ರ ಅದು ಸುಗಂಧಕ್ಕಿಂತ ಹುಳಿಯನ್ನೇ ಮುಂದೆ ಮಾಡುತ್ತದೆ. ಮಲೆನಾಡಿನ ಹಿತ್ತಿಲುಗಳ ದಪ್ಪ ಸಿಪ್ಪೆಯ ಗಜನಿಂಬೆ ಸಿಕ್ಕರೆ ಒಂದು ಸಾಕು.

ಇಟಲಿಯಲ್ಲಿ ಅವಸರದ ನಿಂಬೆ ಕೋಳಿ ಇಲ್ಲವೇ ಇಲ್ಲ ಎಂದಲ್ಲ. ತೆಳ್ಳಗೆ ಬಡಿದ ಎದೆಮಾಂಸಕ್ಕೆ ಮೈದಾ ಸವರಿ, ಬೆಣ್ಣೆಯಲ್ಲಿ ಹುರಿದು, ಅದೇ ಬಾಣಲೆಗೆ ನಿಂಬೆ ಹಿಂಡಿ ಇಳಿಸುವುದು ಅಲ್ಲಿನ ಮನೆಗಳ ವಾರದ ದಿನದ ಅಡುಗೆ, ಹತ್ತೇ ನಿಮಿಷದ್ದು. ಅದಕ್ಕೆ ಕ್ರೀಮ್ ಬೇಕಿಲ್ಲ, ಕೆಳಗೆ ಪಾಸ್ತಾದ ಹಾಸಿಗೆಯೂ ಬೇಕಿಲ್ಲ. ಅಲ್ಲಿ ಪಾಸ್ತಾ ಮುಗಿದ ಮೇಲೆ ಮಾಂಸ ಬರುತ್ತದೆ, ಪಕ್ಕದಲ್ಲಿ ತರಕಾರಿ ಅಥವಾ ರೋಸ್‌ಮೆರಿ ಹಾಕಿ ಸುಟ್ಟ ಆಲೂಗೆಡ್ಡೆ. ಬೆಳ್ಳುಳ್ಳಿಯ ಅತಿಬಳಕೆಯೇ ಇಟಲಿಯ ಅಡುಗೆಯನ್ನು ಹೊರಗಿನವರು ಕೆಡಿಸುವ ಮುಖ್ಯ ದಾರಿ ಎಂಬುದು ಹಜಾನ್ ಅವರ ಗಟ್ಟಿ ನಿಲುವಾಗಿತ್ತು. ‘ಇಟಾಲಿಯನ್’ ಚೀಟಿ ಅಂಟಿಸಿದ ಪೊಟ್ಟಣದ ಮಸಾಲೆ ಸುರಿದದ್ದನ್ನು ತಿಂದಾಗಲೆಲ್ಲ ಆ ಮಾತು ಎಷ್ಟು ಸರಿ ಎನಿಸುತ್ತದೆ.

ಅಮೆರಿಕದ ಗ್ಲಾಮರ್ ಪತ್ರಿಕೆ ಇಂಥದೇ ಕೋಳಿಯನ್ನು 2004ರಲ್ಲಿ ‘ಎಂಗೇಜ್‌ಮೆಂಟ್ ಚಿಕನ್’ ಎಂದು ಪ್ರಕಟಿಸಿತು, ಮಾಡಿ ಬಡಿಸಿದರೆ ಹುಡುಗ ಮದುವೆಗೆ ಒಪ್ಪುತ್ತಾನೆ ಎಂಬ ಕಥೆಯೊಂದಿಗೆ. ಒಳ್ಳೆಯ ಅಡುಗೆಯೊಂದಕ್ಕೆ ಅಂಥ ಊರುಗೋಲು ಬೇಕಿರಲಿಲ್ಲ. ಇದರ ಬೆಲೆ ಇರುವುದು ಮಾಡುವವರಿಗೆ ಅದು ಬಿಟ್ಟುಕೊಡುವ ಸಮಯದಲ್ಲಿ. ಒಟ್ಟು ಎರಡು ಗಂಟೆಯಲ್ಲಿ ಕೈಗೆ ಕೆಲಸ ಕಾಲು ಗಂಟೆ. ಉಳಿದ ಹೊತ್ತು ಮನೆಯಲ್ಲಿ ಅಡುಗೆ ಮಾಡುವವರೂ ಎಲ್ಲರ ಜೊತೆ ಕೂತಿರಬಹುದು. ಬಾಣಲೆಯ ಮುಂದೆ ಅರ್ಧ ಗಂಟೆ ಕದಲದೆ ನಿಲ್ಲಿಸುವ ಕ್ರೀಮ್ ಕೋಳಿಗಿಂತ ನಿಜವಾಗಿ ಸುಲಭದ್ದು ಇದೇ. ಓವನ್ ಇರುವವರು ಬರುವ ಭಾನುವಾರ ಮಾಡಿ ನೋಡಿ. ಶನಿವಾರ ರಾತ್ರಿಯೇ ಉಪ್ಪು ಹಚ್ಚಿಡಿ, ರಸ ಚೆಲ್ಲಬೇಡಿ.