ರಾಣಿಗೆ ಗೊತ್ತಿತ್ತು



ಕಳೆದ ಶನಿವಾರ ಅಬುಧಾಬಿಯ ಮಿತ್ರರೊಬ್ಬರ ಮನೆಯಲ್ಲಿ ಗಿರೀಶ ಕಾರ್ನಾಡರ 'ನಾಗಮಂಡಲ' (1988) ಓದಿದೆವು. ಚಹಾ ಬರುವಷ್ಟರಲ್ಲಿ ಜಗಳ ಶುರು. ರಾತ್ರಿ ಬರುವವನು ಗಂಡನಲ್ಲ ಎಂಬುದು ರಾಣಿಗೆ ಗೊತ್ತಿತ್ತೇ, ಇಲ್ಲವೇ? ದುಬೈಗೆ ಮರಳುವ ದಾರಿಯುದ್ದಕ್ಕೂ ಅದೇ ಮಾತು.

ಆಗ ನೆನಪಾದದ್ದು ಸ್ಕಾಟ್ಲೆಂಡಿನ ಗೇಲಿಕ್ ಜಾನಪದದ 'ಎಖ್ ಉಶ್ಕೆ', ಅಂದರೆ ನೀರುಗುದುರೆ. ('ಉಶ್ಕೆ' ಎಂದರೆ ನೀರು. ವಿಸ್ಕಿ ಹುಟ್ಟಿದ್ದೂ ಆ ಪದದಿಂದಲೇ!) ಅದು ಸರೋವರದಿಂದೆದ್ದು ಚೆಲುವ ಯುವಕನಾಗಿ ಬಂದು ಹುಡುಗಿಯ ತೊಡೆಯ ಮೇಲೆ ಮಲಗುತ್ತದೆ. ಅವಳು ಅವನ ಕೂದಲಲ್ಲಿ ಬೆರಳಾಡಿಸಿದರೆ ಪಾಚಿ, ಮರಳು ಸಿಗುತ್ತದೆ. ಗುಟ್ಟು ತಿಳಿದವಳು ಮೆಲ್ಲನೆ ಜಾರಿಕೊಂಡು ಓಡುತ್ತಾಳೆ. ನಾವಿರುವ ಈ ಕೊಲ್ಲಿಯ ಹಳೆಯ ನಾವಿಕರಿಗೂ 'ಬಾಬಾ ದರ್ಯಾ' ಎಂಬ ಕಡಲಭೂತದ ಭಯವಿತ್ತು. ಈ ಕಥೆಗಳ ನೀತಿ ಒಂದೇ: ಗುರುತಿಸು, ಪಾರಾಗು.

ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳನ್ನು ಹೆಣೆದ ಕಾರ್ನಾಡರಲ್ಲಿ ಈ ನೀತಿ ತಿರುವುಮುರುವಾಗುತ್ತದೆ. ನಮ್ಮ ನಾಗ ಹುತ್ತದವನು, ನೀರಿನವನಲ್ಲ. ಆದರೂ ರಾಣಿಯ ಮನೆಗೆ ಅವನು ನುಗ್ಗುವುದು ಬಚ್ಚಲ ತೂಬಿನಿಂದ, ನೀರಿನ ದಾರಿಯಲ್ಲೇ. ಒಳಗೆ ಬಂದು ಗಂಡ ಅಪ್ಪಣ್ಣನ ರೂಪ ತಾಳುತ್ತಾನೆ. ನಮ್ಮ ಕಸುಬಿನ ಭಾಷೆಯಲ್ಲಿ ಲಾಗಿನ್ ಒಂದೇ, ಬಳಕೆದಾರ ಬೇರೆ! ಹಗಲಿನವನು ಉಂಡು, ಬೀಗ ಜಡಿದು ಹೋಗುತ್ತಾನೆ. ರಾತ್ರಿಯವನು ಮಾತಾಡಿಸುತ್ತಾನೆ. ರಾತ್ರಿ ಕಂಡ ಗಾಯ ಹಗಲಿಗೆ ಇರುವುದಿಲ್ಲ, ಅದನ್ನು ರಾಣಿ ಗಮನಿಸುತ್ತಾಳೆ. ಕಡೆಗೆ ತಲೆ ಬಾಚುವಾಗ ಹಾವು ಉದುರಿದರೆ, ನಾಟಕದ ಕೊನೆಯ ಮುಕ್ತಾಯದಲ್ಲಿ, ಆಕೆ ಓಡುವುದಿಲ್ಲ. ಅದಕ್ಕೆ ಮುಡಿಯಲ್ಲೇ ಜಾಗ ಕೊಡುತ್ತಾಳೆ. ಗೊತ್ತಿಲ್ಲದವರು ಹಾಗೆ ಮಾಡುವುದಿಲ್ಲ.

ನಮ್ಮ ತಕರಾರು ಒಂದಿದೆ. ಹಾವು ಹಿಡಿದು ಪ್ರಮಾಣ ಮಾಡಿದ ರಾಣಿಯನ್ನು ಊರು ದೇವಿ ಎಂದು ಕೈಮುಗಿಯಿತು, ಅಪ್ಪಣ್ಣನೂ ತಲೆಬಾಗಿದ. ಆದರೆ ಅವನು ಬದಲಾದದ್ದೆಲ್ಲಿ? ನಾಟಕ ಅವನನ್ನು ತೀರಾ ಸಲೀಸಾಗಿ ಬಿಟ್ಟುಬಿಡುತ್ತದೆ.

ಊರಿನಲ್ಲಿ ಸಂಸಾರ ಬಿಟ್ಟು ವರ್ಷಕ್ಕೊಮ್ಮೆ ಹೋಗಿಬರುವವರು ನಮ್ಮ ನಡುವೆ ಕಡಿಮೆಯಿಲ್ಲ. ರಾತ್ರಿ ಫೋನಿನಲ್ಲಿ ಮೆತ್ತಗೆ ಮಾತಾಡುವವನೂ, ರಜೆಗೆ ಹೋದಾಗ ಹಗಲಿಡೀ ಹುಕುಂ ಮಾಡುವವನೂ ಒಬ್ಬನೇ. ಈ ವ್ಯತ್ಯಾಸ ಮನೆಯವಳಿಗೆ ತಿಳಿಯದು ಎಂದುಕೊಳ್ಳುವುದು ನಮಗೆ ಅನುಕೂಲ. ಆ ಸಂಜೆ ರಾಣಿಗೆ ಗೊತ್ತಿರಲಿಲ್ಲ ಎಂದು ವಾದಿಸಿದವರೆಲ್ಲ ಗಂಡಸರೇ. ನಾವೂ ಅವರಲ್ಲಿದ್ದೆವು. ಹೆಂಗಸರು ಸುಮ್ಮನೆ ನಗುತ್ತಿದ್ದರು.