ಭಾಷಾ ವಿನಿಮಯ: ಕಿವಿಗೆ ಬೀಳದ ತಿದ್ದುಪಡಿ

ಪರಸ್ಪರರ ಮಾತೃಭಾಷೆಯನ್ನು ಕಲಿಯಬಯಸುವ ಇಬ್ಬರು ಅರ್ಧ ಹೊತ್ತು ಒಂದು ಭಾಷೆಯಲ್ಲಿ, ಉಳಿದರ್ಧ ಇನ್ನೊಂದರಲ್ಲಿ ಮಾತಾಡಿ ಅಭ್ಯಾಸ ಮಾಡುವ ಪದ್ಧತಿಗೆ ಯುರೋಪಿನಲ್ಲಿ ‘ಟ್ಯಾಂಡೆಮ್’ ಎಂಬ ಹೆಸರಿದೆ. ಇಬ್ಬರು ಒಬ್ಬರ ಹಿಂದೊಬ್ಬರು ಕುಳಿತು ತುಳಿಯುವ ಸೈಕಲ್ಲಿನಿಂದ ಬಂದ ಈ ರೂಪಕವು, ಅಂಥ ಸೈಕಲ್ಲನ್ನು ತಿರುಗಿಸುವ ಹ್ಯಾಂಡಲ್ ಮುಂದೆ ಕುಳಿತವನ ಕೈಯಲ್ಲಷ್ಟೇ ಇರುತ್ತದೆಂಬುದನ್ನು ಮರೆಸುತ್ತದೆ. 1963ರ ಎಲಿಸೆ ಒಪ್ಪಂದದ ಫಲವಾದ ಫ್ರೆಂಚ್–ಜರ್ಮನ್ ಯುವಜನ ಕಚೇರಿಯ ಶಿಬಿರಗಳಲ್ಲಿ ಬೆಳೆದು ಮೊಬೈಲ್ ಆ್ಯಪ್‌ಗಳವರೆಗೆ ಬಂದಿರುವ ಈ ಪದ್ಧತಿಯ ಚರಿತ್ರೆ ಪರಿಚಿತವೇ. ಮಾತಿನ ಅಳುಕು ಕಳೆಯುವಲ್ಲಿ ಅದರ ಉಪಕಾರವನ್ನೂ ಅಲ್ಲಗಳೆಯಬೇಕಿಲ್ಲ. ಆದರೆ ಭಾಷಿಕನೊಡನೆ ಹರಟುತ್ತಿದ್ದರೆ ವ್ಯಾಕರಣ ತಾನಾಗಿ ಹದಕ್ಕೆ ಬರುತ್ತದೆಂಬ ಕೀರ್ತಿ ಅದಕ್ಕೆ ಸಲ್ಲತಕ್ಕದ್ದಲ್ಲ.

ತಿದ್ದುಪಡಿ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ‘ನನ್ನ ಅಣ್ಣನ ಜೊತೆ’ ಎನ್ನಲು ಜರ್ಮನ್ ಕಲಿಯುವ ಕನ್ನಡಿಗನೊಬ್ಬ ‘ಮಿಟ್ ಮೈನೆನ್ ಬ್ರೂಡರ್’ ಎಂದನೆಂದು ಇಟ್ಟುಕೊಂಡರೆ, ‘ಮಿಟ್’ ಎಂಬುದು ಚತುರ್ಥಿ ವಿಭಕ್ತಿಯನ್ನು ಬೇಡುವುದರಿಂದ ಅಲ್ಲಿ ‘ಮೈನೆಮ್’ ಬರಬೇಕಿತ್ತು. ಜೊತೆಗಾರ ತಪ್ಪನ್ನು ಎತ್ತಿ ಆಡದೆ, ‘ಓ, ಮಿಟ್ ಡೈನೆಮ್ ಬ್ರೂಡರ್?’ ಎಂದು ಸರಿಯಾದ ರೂಪವನ್ನು ತನ್ನ ಪ್ರಶ್ನೆಯೊಳಗೇ ಸೇರಿಸಿ ಮುಂದೆ ಸಾಗುತ್ತಾನೆ. ವಿದ್ವಾಂಸರು ‘ರೀಕಾಸ್ಟ್’ ಎನ್ನುವ ಮರುನುಡಿ ಇದೇ. ಇಲ್ಲಿ ತಪ್ಪಿಗೂ ಸರಿಗೂ ಇರುವ ಅಂತರ ಕೊನೆಯ ಒಂದು ಅನುನಾಸಿಕ ಮಾತ್ರ, ಅದೂ ಮುಂದೆ ಬಕಾರ ಬಂದಾಗ ವೇಗದ ಮಾತಿನಲ್ಲಿ ನಕಾರವೇ ಮಕಾರದತ್ತ ವಾಲುವುದರಿಂದ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಮೇಲಾಗಿ ‘ನನ್ನ’ ಎಂಬುದು ‘ನಿನ್ನ’ ಎಂದಾಗಿರುವುದರಿಂದ ಕೇಳುವವನ ಗಮನ ಪದದ ತಲೆಗೆ ಹೋಗುತ್ತದೆಯೇ ಹೊರತು ಬಾಲಕ್ಕಲ್ಲ. ಸರದಿ ಬದಲಾದಾಗಲೂ ಇದೇ ಪಾಡು: ಜರ್ಮನ್ ಗೆಳೆಯ ‘ಅಣ್ಣ ಜೊತೆ ಮಾತಾಡಿದೆ’ ಎಂದರೆ ಕನ್ನಡಿಗ ‘ಅಣ್ಣನ ಜೊತೇನಾ?’ ಎನ್ನುತ್ತಾನೆ, ಷಷ್ಠಿಯ ‘ನ’ ಒಂದು, ಪ್ರಶ್ನೆಯ ‘ನಾ’ ಇನ್ನೊಂದು, ಗೆಳೆಯ ಎರಡನೆಯದಕ್ಕೆ ‘ಹೌದು’ ಎಂದು ಉತ್ತರಿಸಿದಾಗ ಮೊದಲನೆಯದು ಗಾಳಿಗೆ ಹೋಗಿರುತ್ತದೆ.

ಕೆನಡಾದಲ್ಲಿ ಫ್ರೆಂಚ್ ಮಾಧ್ಯಮದಲ್ಲಿ ಕಲಿಯುವ ಮಕ್ಕಳ ತರಗತಿಗಳನ್ನು ಕುರಿತು ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಿಕ್ಷಕರ ತಿದ್ದುಪಡಿಗಳಲ್ಲಿ ಶೇ. 55ರಷ್ಟು ಮರುನುಡಿಗಳೇ ಆಗಿದ್ದು, ಅವುಗಳಲ್ಲಿ ಶೇ. 31ಕ್ಕೆ ಮಾತ್ರ ಮಕ್ಕಳು ಏನಾದರೊಂದು ರೀತಿಯಲ್ಲಿ ಸ್ಪಂದಿಸಿದ್ದರು. ತಿದ್ದುವುದೇ ಕಸುಬಾದವರ ಗತಿ ಇದಾದರೆ, ಕಾಫಿ ಕುಡಿಯುತ್ತ ಗೆಳೆತನ ಕೆಡಿಸಿಕೊಳ್ಳಲೊಲ್ಲದವನಿಂದ ಹೆಚ್ಚಿನದನ್ನು ನಿರೀಕ್ಷಿಸಲಾಗದು.

ಭಾಷಾವಿಜ್ಞಾನಿ ಸ್ಟೀಫನ್ ಕ್ರಾಶೆನ್‌ರ ಅನುಯಾಯಿಗಳು ಇಲ್ಲಿ ಆಕ್ಷೇಪವೆತ್ತುತ್ತಾರೆ: ಅರ್ಥವಾಗುವ ಮಾತು ಧಾರಾಳವಾಗಿ ಕಿವಿಗೆ ಬಿದ್ದರೆ ಸಾಕು, ತಿದ್ದುಪಡಿ ಬೇಕಿಲ್ಲ ಎಂದು. ಹಾಗಿದ್ದರೆ ಆ ಕೆಲಸಕ್ಕೆ ಸಿನಿಮಾ, ರೇಡಿಯೊಗಳೇ ಸಾಲುತ್ತವೆ. ವಾರವಾರ ಹೊತ್ತು ಹೊಂದಿಸಿಕೊಂಡು ಎದುರು ಕೂರುವ ಜೊತೆಗಾರನನ್ನು ಹೊಗಳಲು ಈ ವಾದವನ್ನೇ ಬಳಸುವುದು ವಿಚಿತ್ರ. ಭಾಷಿಕನೇ ಪರಮಗುರು ಎನ್ನುವವರ ವಾದವಂತೂ ಇನ್ನೂ ದುರ್ಬಲ, ಏಕೆಂದರೆ ‘ಅಣ್ಣನ’ ಏಕೆಂದು ಕೇಳಿದರೆ ‘ನಾವು ಹಾಗೇ ಹೇಳೋದು’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಅವನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಈ ಗದ್ದಲದಲ್ಲಿ ಕಡೆಗಣಿಸಲ್ಪಟ್ಟಿರುವುದು ಅದೇ ಪದ್ಧತಿಯ ಬರಹದ ಕವಲು. 1990ರ ದಶಕದಲ್ಲಿ ಬೋಖುಮ್ ವಿಶ್ವವಿದ್ಯಾಲಯದ ಹೆಲ್ಮುಟ್ ಬ್ರಾಮರ್ಟ್ಸ್ ಮತ್ತು ಅವರ ಸಂಗಡಿಗರು ಬೆಳೆಸಿದ ಇ-ಮೇಲ್ ವಿನಿಮಯದಲ್ಲಿ ಸೌಜನ್ಯಕ್ಕೂ ತಿದ್ದುಪಡಿಗೂ ಬೇರೆ ಬೇರೆ ಜಾಗವಿತ್ತು: ಅಣ್ಣನ ಕುಶಲ ವಿಚಾರಿಸಿ ಮುಗಿಸಿದ ಮೇಲೂ ‘ಮೈನೆನ್’ ಪದಕ್ಕೆ ಕೆಳಗೆ ಒಂದು ಸಾಲಿನ ಟಿಪ್ಪಣಿ ಬರೆಯಬಹುದಿತ್ತು, ಕಲಿಯುವವನು ಅದನ್ನು ಮರುದಿನ ಮತ್ತೆ ತೆರೆದು ನೋಡಬಹುದಿತ್ತು.