ಗೂಢಚಾರ ಚಿತ್ರದ ಉತ್ತರಭಾಗ: ಒಂದು ವಿಮರ್ಶೆ

ಜೇಮ್ಸ್ ಬಾಂಡ್ ಚಿತ್ರಗಳಲ್ಲಿ 2006ರ ‘ಕ್ಯಾಸಿನೋ ರೊಯಾಲ್’ ವಿಮರ್ಶಕರ ವಿಶೇಷ ಮನ್ನಣೆ ಪಡೆಯಿತು. ಅದರ ಕಥೆ ನಿಂತೆಡೆಯಿಂದಲೇ 2008ರ ‘ಕ್ವಾಂಟಮ್ ಆಫ್ ಸೋಲೇಸ್’ ಮುಂದುವರಿಯುವುದರಿಂದ ಇವೆರಡರ ತುಲನೆ ಅನಿವಾರ್ಯ. ಮೊದಲನೆಯದರಲ್ಲಿ ನಿರ್ದೇಶಕ ಮಾರ್ಟಿನ್ ಕ್ಯಾಂಪ್‌ಬೆಲ್ ಇಸ್ಪೀಟಿನ ಮೇಜಿನ ಮುಂದೆ ನಮ್ಮನ್ನು ಕುಳ್ಳಿರಿಸಿ, ವೆಸ್ಪರಳ ಪ್ರೇಮವೂ ದ್ರೋಹವೂ ನಾಯಕನನ್ನು ಕಠಿಣಗೊಳಿಸಿದ ಬಗೆಯನ್ನು ಸಾವಧಾನವಾಗಿ ತೋರಿದರು. ಎರಡನೆಯದರಲ್ಲಿ ಮಾರ್ಕ್ ಫಾರ್ಸ್ಟರ್ ಆ ಶೋಕವನ್ನು ಓಟ, ಹೊಡೆದಾಟಗಳ ನಡುವೆ ಚದರಿಸಿದ್ದಾರೆ.

ಇತಿಹಾಸದ ವಿದ್ಯಾರ್ಥಿಗೆ ಇನ್ನೊಂದು ವಿಷಾದವೂ ಉಂಟು. ಬೊಲಿವಿಯದ ನೀರನ್ನು ಖಳನು ಗುಟ್ಟಾಗಿ ಕೈವಶಮಾಡಿಕೊಳ್ಳುವುದು ಇಲ್ಲಿಯ ವಸ್ತು. ಅದೇ ದೇಶದ ಕೋಚಬಾಂಬಾದಲ್ಲಿ 2000ದಲ್ಲಿ ನೀರಿನ ಖಾಸಗೀಕರಣದ ವಿರುದ್ಧ ಜನರು ದಂಗೆಯೆದ್ದು ಗೆದ್ದರು. ಚಿತ್ರದಲ್ಲಿಯಾದರೋ ನೀರಿಲ್ಲದ ಹಳ್ಳಿಗರು ಕ್ಷಣಮಾತ್ರ ಕಂಡು ಮರೆಯಾಗುತ್ತಾರೆ. ಅಮೆರಿಕದ ಚಿತ್ರಕಥಾ ಲೇಖಕರ 2007-08ರ ಮುಷ್ಕರದಿಂದ ಬರವಣಿಗೆಗೆ ಅಡ್ಡಿಯಾದುದು ನಿಜ. ಆದರೂ, ಹಿಂದಿನದಕ್ಕಿಂತ ಹಿರಿದಾದ ವಸ್ತುವನ್ನು ಆಯ್ದುಕೊಂಡ ಚಿತ್ರವು ಅದಕ್ಕೆ ತಕ್ಕ ವ್ಯವಧಾನವನ್ನು ನೀಡಲಿಲ್ಲವೆಂಬ ಆಕ್ಷೇಪಣೆ ಉಳಿಯುತ್ತದೆ.